ಚಲಚ್ಚಿತ್ರದಲ್ಲಿ ಕೋವಿಯ ಕಾಲೌಚಿತ್ಯ

೧

ಕಾವ್ಯದಲ್ಲಿ ವರ್ಣಿತವಾಗುವ ವಸ್ತುವಿಗೆ ದೇಶಕಾಲಗಳ ಔಚಿತ್ಯವಿರಬೇಕೆಂಬುದು ನಮ್ಮ ಆಲಂಕಾರಿಕರೆಲ್ಲರಿಗೂ ಸಮ್ಮತವಾದ ವಿಷಯ. ಭಾಮಹನೂ ದಂಡಿಯೂ ದೇಶವಿರೋಧ ಕಾಲವಿರೋಧಗಳನ್ನು ಕಾವ್ಯದೋಷಗಳಲ್ಲಿ ಎಣಿಸಿರುವರು. ಅನೌಚಿತ್ಯಕ್ಕಿಂತ ಬೇರೆಯಾದ ರಸಭಂಗಕಾರಣವಿಲ್ಲವೆಂಬುದು ಆನಂದವರ್ಧನನ ಸಿದ್ಧಾಂತ. ಕ್ಷೇಮೇಂದ್ರನಾದರೋ ಔಚಿತ್ಯವೇ ರಸವತ್ತಾದ ಕಾವ್ಯದ ಜೀವಿತವೆಂದು ಸಾರಿ, ಅದು ನೆಲಸತಕ್ಕ ಸ್ಥಾನಗಳನ್ನು ಪದದಿಂದ ಮೊದಲ್ಗೊಂಡು ಒಂದೊಂದಾಗಿ ವಿಂಗಡಿಸಿ, ಅವುಗಳಲ್ಲಿ ದೇಶವನ್ನೂ ಕಾಲವನ್ನೂ ಸೇರಿಸಿರುವನು. ಈ ಮಾನದಂಡಗಳನ್ನು ನಾವು ಪಂಪರನ್ನರ ಕಾವ್ಯಗಳಿಗೂ ಕಾಳಿದಾಸನ ನಾಟಕಗಳಿಗೂ ಹಿಡಿದು ನೋಡುವುದು ವಾಡಿಕೆ. ಆದರೆ ಈಗ ಸಾಮಾನ್ಯಜನರ ಮನಸ್ಸಿನಲ್ಲಿ ಪೂರ್ವಕಾಲದ ಚಿತ್ರವನ್ನು ಕೆತ್ತುತ್ತಿರುವುದು ಕಾವ್ಯಕ್ಕಿಂತ ಹೆಚ್ಚಾಗಿ ಚಲಚ್ಚಿತ್ರವೇ ಆಗಿರುವುದರಿಂದ, ಅದನ್ನು ಇದೇ ಒರೆಗಲ್ಲಿಗೆ ತಿಕ್ಕಿ ನೋಡುವುದು ಸಾಹಿತ್ಯದ ಉಪಾಧ್ಯಾಯರಿಗೆ ಅನಾವಶ್ಯಕವಾದ ಕೆಲಸವಲ್ಲ.

ಪ್ರಕೃತ ಲೇಖನದಲ್ಲಿ ಒಂದೇ ಒಂದು ವಸ್ತುವನ್ನು ವಿಚಾರಕ್ಕೆ ತೆಗೆದುಕೊಂಡಿರುವೆನು. ಅದು ಬಾಯಿಯ ಕಡೆಯಿಂದ ಮದ್ದುಗುಂಡುಗಳನ್ನು ತುಂಬತಕ್ಕ ಹಳೆಯ ಸೈನಿಕಕೋವಿ. ಅದರಲ್ಲಿಯೂ ವಿಶೇಷವಾಗಿ ೧೮೫೩ನೆಯ ಮಾದರಿಯೆಂದು ಹೆಸರಾದ ಎನ್‌ಫೀಲ್ಡ್ ರೈಫಲ್. ಆಯುಧಶಾಸ್ತ್ರದ ವಿಷಯವು ಸಾಹಿತ್ಯಪತ್ರಿಕೆಗೆ ಎಲ್ಲಿಂದ ಬಂದಿತೆಂದು ಕೆಲವರಿಗೆ ತೋರಬಹುದು. ಕೋವಿಯ ಕಬ್ಬಿಣವೂ ಮರವೂ ನನ್ನ ವಿಷಯವಲ್ಲ. ಒಂದು ಈಡಿಗೂ ಮತ್ತೊಂದು ಈಡಿಗೂ ನಡುವೆ ಇರುವ ಕಾಲವೇ ನನ್ನ ವಿಷಯ. ಆ ಕಾಲದಲ್ಲಿ ಭಯವಿದೆ, ಧೈರ್ಯವಿದೆ, ಉತ್ಸಾಹವಿದೆ. ಎಂದರೆ ರಸಸಾಮಗ್ರಿಯೆಲ್ಲವೂ ಅಲ್ಲಿಯೇ ಇದೆ. ನಮ್ಮ ಚಿತ್ರಗಳು ಸಾಮಾನ್ಯವಾಗಿ ಅದನ್ನೇ ಕಳೆದುಕೊಳ್ಳುತ್ತಿರುವುವೆಂಬುದು ನನ್ನ ಆಕ್ಷೇಪ.

೨

ಮೊದಲು ಶಬ್ದಗಳನ್ನು ನೋಡೋಣ. ಶಬ್ದಗಳಲ್ಲಿಯೇ ಈ ಆಯುಧದ ಚರಿತ್ರೆ ಅಡಗಿರುವುದು. ಕೋವಿ ಎಂಬುದು ಕೊಳವೆಯ ಅರ್ಥವುಳ್ಳ ದೇಶ್ಯಶಬ್ದ. ತುಪಾಕಿ ತುರ್ಕಿಯ ಕಡೆಯಿಂದಲೂ, ಬಂದೂಕು ಅರಬ್ಬೀ ಪಾರಸಿಗಳ ದಾರಿಯಿಂದಲೂ ಬಂದುವು. ಚಕಮಕಿಯೂ ತುರ್ಕಿಯ ಮೂಲದ್ದೇ. ಮದ್ದು, ಗುಂಡು, ನಳಿಗೆ, ಈಡು ಎಂಬಿವು ನಮ್ಮವು. ಕೋವಿಗೆ ಮದ್ದುಗುಂಡುಗಳನ್ನು ತುಂಬುವುದಕ್ಕೆ ‘ಬಾರುಮಾಡುವುದು’ ಎನ್ನುವರು. ಬೆರಳಿನಿಂದ ಎಳೆಯುವ ಕೀಲಿಗೆ ‘ಕುದುರೆ’ ಎಂಬ ಹೆಸರುಂಟು. ಕೇಪಿನ ಕೋವಿ, ತೋಟಾಕೋವಿ ಎಂಬ ಭೇದವನ್ನು ಮಲೆನಾಡಿನ ಬೇಸಾಯಗಾರರು ಚೆನ್ನಾಗಿ ಬಲ್ಲರು. ಇಷ್ಟು ಸಂಪನ್ನವಾದ ಮಾತುಗಳಿರುವಾಗ, ೧೮೨೪ನೆಯ ಇಸವಿಯ ಕಥೆಯಲ್ಲಿ ಬರುವ ಪಾತ್ರದ ಬಾಯಲ್ಲಿ ‘ಗನ್ನು’ ಎಂದು ಹೇಳಿಸಿದರೆ ಅದು ಕ್ಷೇಮೇಂದ್ರನು ಮೊದಲು ಹೇಳಿದ ಪದೌಚಿತ್ಯಕ್ಕೇ ಭಂಗವಾಗುವುದು.

ಇನ್ನು ವಸ್ತುವಿನ ಚರಿತ್ರೆ. ನಮ್ಮ ಹಂಪೆ ಕಮಲಾಪುರಗಳ ನೆಲಕ್ಕೆ ಕೋವಿ ಹೊಸದಲ್ಲ. ಕೃಷ್ಣದೇವರಾಯನ ಕಾಲದಲ್ಲಿ ವಿಜಯನಗರವನ್ನು ಕಂಡ ಪೋರ್ತುಗೀಸ ಯಾತ್ರಿಕ ಪಾಯಿಸನು ಸೇನಾವಲೋಕನವನ್ನು ವರ್ಣಿಸುವಾಗ ಕೋವಿಯ ಕಾಲಾಳುಗಳನ್ನೂ ಹೇಳಿರುವನು. ೧೫೨೦ನೆಯ ಇಸವಿಯ ರಾಯಚೂರಿನ ಮುತ್ತಿಗೆಯಲ್ಲಿ ಕ್ರಿಸ್ಟೊವಾವೊ ಡಿ ಫಿಗೈರೆಡೊ ಎಂಬ ಪೋರ್ತುಗೀಸನು ತನ್ನ ಇಪ್ಪತ್ತು ಮಂದಿ ಕೋವಿಯವರೊಡನೆ ರಾಯನ ನೆರವಿಗೆ ನಿಂತು, ಕೋಟೆಯ ಮೇಲೆ ತಲೆಯೆತ್ತಿದವರನ್ನು ಗುರಿಯಿಟ್ಟು ಕೆಡವುತ್ತಿರಲು, ರಾಯನ ಜನರು ಗೋಡೆಯ ಕಲ್ಲುಗಳನ್ನು ಕಿತ್ತರೆಂದು ನೂನಿಜನು ಬರೆದಿರುವನು. ಅವು ಉರಿಯುವ ಬತ್ತಿಯಿಂದ ಮದ್ದಿಗೆ ಕಿಚ್ಚು ಮುಟ್ಟಿಸುತ್ತಿದ್ದ ಕೋವಿಗಳು. ಅನಂತರ ಬಂದುದು ಚಕಮಕಿಯ ಕೋವಿ. ಕಲ್ಲು ಉಕ್ಕಿಗೆ ತಾಗಿ ಕಿಡಿಯುದುರಿ ಮದ್ದು ಹೊತ್ತುವುದು. ಕಿತ್ತೂರಿನ ಯುದ್ಧವು ನಡೆದ ೧೮೨೪ರಲ್ಲಿಯೂ, ಸಂಗೊಳ್ಳಿ ರಾಯಣ್ಣನನ್ನು ನಂದಗಡದಲ್ಲಿ ಗಲ್ಲಿಗೇರಿಸಿದ ೧೮೩೧ರಲ್ಲಿಯೂ ಕಂಪನಿಯ ಸಿಪಾಯಿಯ ಕೈಯಲ್ಲಿದ್ದುದು ಇಂತಹ ಚಕಮಕಿಯ ಕೋವಿಯೇ. ತಾಮ್ರದ ಸಣ್ಣ ಕೇಪನ್ನು ಕುಟ್ಟಿ ಮದ್ದನ್ನು ಹೊತ್ತಿಸುವ ಕ್ರಮವು ಬ್ರಿಟಿಷ್ ಸೈನ್ಯದಲ್ಲಿ ರೂಢಿಗೆ ಬಂದುದು ೧೮೩೮ರಿಂದ ಈಚೆಗೆ.

ಈ ಎಲ್ಲ ಕೋವಿಗಳ ನಳಿಗೆಯೂ ಒಳಗೆ ನುಣುಪಾಗಿದ್ದಿತು. ಗುಂಡು ನಳಿಗೆಗಿಂತ ಸ್ವಲ್ಪ ಸಣ್ಣದಾಗಿದ್ದು, ಒಳಗೆ ಸಡಿಲವಾಗಿ ಇಳಿದು, ಹೊರಡುವಾಗ ಅತ್ತಿತ್ತ ತಾಗುತ್ತ ಹೊರಡುತ್ತಿದ್ದುದರಿಂದ ನೂರು ಗಜದ ಆಚೆಗೆ ಗುರಿ ನಿಶ್ಚಯವಿರುತ್ತಿರಲಿಲ್ಲ. ನಳಿಗೆಯ ಒಳಗೆ ಸುರುಳಿಯಾಗಿ ಗೆರೆಗಳನ್ನು ಕೊರೆದರೆ ಗುಂಡು ತಿರುಗುತ್ತ ಹೊರಟು ನೇರವಾಗಿ ಹೋಗುವುದೆಂಬುದು ಬಹುಕಾಲದಿಂದ ತಿಳಿದಿದ್ದಿತು. ರೈಫಲ್ ಎಂದರೆ ಇಂತಹ ಗೆರೆಯುಳ್ಳ ಕೋವಿಯೇ. ಆದರೆ ಗುಂಡು ಗೆರೆಗಳನ್ನು ಕಚ್ಚಬೇಕಾದರೆ ಬಿಗಿಯಾಗಿರಬೇಕು. ಬಿಗಿಯಾದ ಗುಂಡನ್ನು ಬಾಯಿಯಿಂದ ತಳದವರೆಗೆ ಜಡಿಯುವುದು ತಡವಾದ ಕೆಲಸ. ಫ್ರಾನ್ಸಿನ ಸೇನಾಧಿಕಾರಿಯಾದ ಮಿನಿಯೇ ಎಂಬವನ ಹೆಸರಿನಿಂದ ಪ್ರಸಿದ್ಧವಾದ ಗುಂಡು ಈ ತೊಡಕನ್ನು ಬಿಡಿಸಿತು. ಅದರ ಬುಡ ಟೊಳ್ಳು. ತುಂಬುವಾಗ ಸಡಿಲವಾಗಿ ಇಳಿಯುವುದು. ಮದ್ದು ಸಿಡಿದಾಗ ಬುಡ ಹಿಗ್ಗಿ ಗೆರೆಗಳನ್ನು ಕಚ್ಚಿಕೊಳ್ಳುವುದು. ಈ ತತ್ತ್ವದ ಮೇಲೆ ನಿರ್ಮಿತವಾದುದೇ ೧೮೫೩ನೆಯ ಎನ್‌ಫೀಲ್ಡ್. ಅದರ ನಳಿಗೆ ೩೯ ಅಂಗುಲ ಉದ್ದ, ರಂಧ್ರ ೦.೫೭೭ ಅಂಗುಲ, ಒಳಗಿನ ಗೆರೆಗಳು ಮೂರು. ಗುರಿ ನೋಡುವ ಪಟ್ಟಿಯ ಮೇಲೆ ನೂರಾರು ಗಜಗಳ ದೂರವನ್ನು ಗುರುತುಮಾಡಿದ್ದರು.

೩

ಈಗ ಬಾರುಮಾಡುವ ಕ್ರಮವನ್ನು ವಾಚಕರು ಮನಸ್ಸಿನಲ್ಲಿ ಇಟ್ಟುಕೊಳ್ಳಬೇಕು. ಸಿಪಾಯಿಯು ಸೊಂಟದ ಚೀಲದಿಂದ ಕಾಗದದ ತೋಟಾವೊಂದನ್ನು ತೆಗೆಯುವನು. ಅದರ ತುದಿಯನ್ನು ಹಲ್ಲಿನಿಂದ ಕಚ್ಚಿ ಹರಿಯುವನು. ಮದ್ದನ್ನು ನಳಿಗೆಗೆ ಸುರಿಯುವನು. ತೋಟಾವನ್ನು ತಿರುಗಿಸಿ ಗುಂಡನ್ನು ಬಾಯಿಗಿಟ್ಟು ಉಳಿದ ಕಾಗದವನ್ನು ಹರಿದು ಬಿಸುಡುವನು. ನಳಿಗೆಯ ಕೆಳಗಿನ ಕಬ್ಬಿಣದ ಸಲಾಕೆಯನ್ನೆಳೆದು ಗುಂಡನ್ನು ತಳಕ್ಕೆ ಜಡಿದು ಸಲಾಕೆಯನ್ನು ಮರಳಿ ಸಿಕ್ಕಿಸುವನು. ಕೋವಿಯನ್ನೆತ್ತಿ ಕೇಪನ್ನಿಟ್ಟು, ಆಮೇಲೆ ಗುರಿ ಹಿಡಿದು ಕುದುರೆಯನ್ನೆಳೆಯುವನು. ನುರಿತವನಿಗೆ ಒಂದು ನಿಮಿಷದಲ್ಲಿ ಮೂರು ಈಡು ಸಾಧ್ಯ. ಎಂದರೆ ಒಂದೊಂದಕ್ಕೆ ಇಪ್ಪತ್ತು ಸೆಕೆಂಡು. ಪ್ರತಿಯೊಂದು ಈಡಿನಲ್ಲಿಯೂ ದಟ್ಟವಾದ ಬಿಳಿಯ ಹೊಗೆ ಏಳುವುದು. ಹತ್ತಾರು ಕೋವಿಗಳು ಹಾರಿದರೆ ಎದುರು ನಿಂತವರು ಕಾಣುವುದಿಲ್ಲ. ಹೊಡೆಯುತ್ತ ಹೋದಂತೆ ನಳಿಗೆಯೊಳಗೆ ಮದ್ದಿನ ಕಿಟ್ಟ ಕಟ್ಟಿ ಗುಂಡು ಇಳಿಯುವುದೇ ಕಷ್ಟವಾಗುವುದು. ಅದಕ್ಕಾಗಿಯೇ ತೋಟಾಕ್ಕೆ ಜಿಡ್ಡನ್ನು ಸವರುತ್ತಿದ್ದುದು. ಆ ಜಿಡ್ಡಿನಲ್ಲಿ ಹಸುವಿನ ಕೊಬ್ಬೂ ಹಂದಿಯ ಕೊಬ್ಬೂ ಇದೆಯೆಂಬ ವಾರ್ತೆ ೧೮೫೭ನೆಯ ಜನವರಿಯಲ್ಲಿ ಕಲ್ಕತ್ತೆಯ ಬಳಿಯ ದಮ್‌ದಮ್ಮಿನಿಂದ ಹೊರಟು ಉತ್ತರದೇಶವನ್ನೆಲ್ಲ ಸುತ್ತಿದುದು ಚರಿತ್ರೆಯಲ್ಲಿ ಸುಪ್ರಸಿದ್ಧ. ನಳಿಗೆಯ ಗೆರೆಗೂ ಸಿಪಾಯಿಯ ಹಲ್ಲಿಗೂ ಅವನ ಧರ್ಮಕ್ಕೂ ಹೀಗೆ ಒಂದು ಕಾರ್ಯಕಾರಣ ಪರಂಪರೆ ಉಂಟು.

ಇಲ್ಲಿಯೇ ರಸವಿಚಾರವು ಪ್ರವೇಶಿಸುವುದು. ಕತ್ತಿ ಹಿಡಿದು ವೇಗವಾಗಿ ಓಡುವವನು ಇಪ್ಪತ್ತು ಸೆಕೆಂಡುಗಳಲ್ಲಿ ಸುಮಾರು ನೂರು ಗಜವನ್ನು ದಾಟಬಲ್ಲನು. ನುಣುಪು ನಳಿಗೆಯ ಕೋವಿಗೆ ನಂಬತಕ್ಕ ದೂರವೂ ಅಷ್ಟೇ. ಆದುದರಿಂದ ೧೮೨೪ರ ಕಿತ್ತೂರಿನ ಯೋಧನು ಮೊದಲನೆಯ ಈಡನ್ನು ತಪ್ಪಿಸಿಕೊಂಡನಾದರೆ, ಎರಡನೆಯದು ಸಿದ್ಧವಾಗುವುದರೊಳಗೆ ವೈರಿಯ ಮೈಮೇಲೆ ಬೀಳಬಹುದಾಗಿತ್ತು. ಆ ಅಂತರವನ್ನು ಮುಚ್ಚುವುದಕ್ಕಾಗಿಯೇ ಕಂಪನಿಯ ಸೈನ್ಯವು ಸಾಲುಸಾಲಾಗಿ ನಿಂತು, ಒಂದು ತಂಡ ಹೊಡೆಯುವಾಗ ಮತ್ತೊಂದು ತಂಡ ಬಾರುಮಾಡುವ ಶಿಸ್ತನ್ನು ಬೆಳೆಸಿಕೊಂಡಿತ್ತು. ಅಲ್ಲಿನ ವೀರವು ಆಶೆಯುಳ್ಳ ವೀರ. ಉತ್ಸಾಹವೆಂಬ ಸ್ಥಾಯಿಗೆ ತಕ್ಕ ಆಲಂಬನವುಳ್ಳದ್ದು. ಎನ್‌ಫೀಲ್ಡಿನಂತಹ ಕೋವಿ ರಣರಂಗಕ್ಕೆ ಬಂದ ಮೇಲೆ ನೂರು ಗಜದ ಓಟವು ಮುನ್ನೂರು ನಾನ್ನೂರು ಗಜದ ಓಟವಾಯಿತು. ಅದರ ಎದುರಿಗೆ ಕತ್ತಿಯಿಂದ ನುಗ್ಗುವವನು ಗೆಲ್ಲುವೆನೆಂದು ನುಗ್ಗುವುದಿಲ್ಲ, ಬಾಗಲಾರೆನೆಂದು ನುಗ್ಗುವನು. ಅಲ್ಲಿ ವೀರದೊಡನೆ ಕರುಣವು ಬೆರೆಯದೆ ಇರದು. ಮೂವತ್ತು ವರ್ಷಗಳ ಅಂತರದಲ್ಲಿ ನಳಿಗೆಯೊಳಗೆ ಕೊರೆದ ಮೂರು ಗೆರೆಗಳಿಂದ ರಸವೇ ಬೇರೆಯಾಗುವುದು. ಕಾಲೌಚಿತ್ಯವೆಂದರೆ ಇದು, ಮ್ಯೂಸಿಯಂ ಪಟ್ಟಿಯನ್ನು ಒಪ್ಪಿಸುವುದಲ್ಲ.

೪

ಇಲ್ಲಿ ಪೂರ್ವಪಕ್ಷವೊಂದನ್ನು ಎದುರಿಸಬೇಕಾಗಿದೆ. ‘ಭರತಮುನಿಯೇ ರಂಗದ ಮೇಲೆ ನಿಜವಾದ ಆಯುಧಗಳನ್ನು ನಿಷೇಧಿಸಿಲ್ಲವೇ? ಆಹಾರ್ಯಾಭಿನಯದ ಅಧ್ಯಾಯದಲ್ಲಿ ಆಯುಧಗಳನ್ನು ಬಿದಿರು, ಅರಗು, ಬಟ್ಟೆ ಮೊದಲಾದ ಹಗುರವಾದ ದ್ರವ್ಯಗಳಿಂದ ಮಾಡಬೇಕೆಂದೂ, ರಂಗದ ಮೇಲೆ ಅಸ್ತ್ರವನ್ನು ಬಿಡುವುದಾಗಲಿ ಕಡಿಯುವುದಾಗಲಿ ಕೂಡದೆಂದೂ, ಸಂಜ್ಞೆಯಿಂದಲೇ ಪ್ರಹಾರವನ್ನು ತೋರಿಸಬೇಕೆಂದೂ ಹೇಳಿದೆಯಲ್ಲವೇ? ಹೀಗಿರಲು ಚಿತ್ರದವರು ಯಾವುದೋ ಒಂದು ಕೋವಿಯನ್ನು ಹಿಡಿಸಿದರೆ ದೋಷವೇನು?’ ಎಂದು ಕೇಳಬಹುದು.

ಉತ್ತರವು ಭರತನಲ್ಲಿಯೇ ಇದೆ. ಧರ್ಮಿಗಳು ಎರಡು: ಲೋಕಧರ್ಮಿ, ನಾಟ್ಯಧರ್ಮಿ. ನಮ್ಮ ಬಯಲಾಟದ ಭೀಮನು ಮರದ ಗದೆಗೆ ಬಣ್ಣದ ಕಾಗದವನ್ನು ಹಚ್ಚಿ ತಿರುಗಿಸಿದರೂ ನಮಗೆ ರಸಭಂಗವಾಗದು. ಏಕೆಂದರೆ ಅಲ್ಲಿ ಕಿರೀಟ, ಹೆಜ್ಜೆ, ಹಾಡು, ಮಾತು ಎಲ್ಲವೂ ನಾಟ್ಯಧರ್ಮಿಯೇ. ಆ ಲೋಕದಲ್ಲಿ ಮರದ ಕೋವಿಯೂ ಸಲ್ಲುವುದು. ಬಾಯಿಂದ ‘ಢಂ’ ಎಂದರೂ ಸಲ್ಲುವುದು. ಚಲಚ್ಚಿತ್ರವಾದರೋ ನಿಜವಾದ ಬೆಟ್ಟವನ್ನು, ನಿಜವಾದ ಕುದುರೆಯನ್ನು, ನಿಜವಾದ ಬೆಂಕಿಯನ್ನು, ಗಾಯದಿಂದ ಹರಿಯುವ ರಕ್ತದ ಸಾದೃಶ್ಯವನ್ನು ತೋರಿಸಿ, ‘ಇದು ಹೀಗೆಯೇ ನಡೆಯಿತು, ನಂಬು’ ಎಂದು ಪ್ರೇಕ್ಷಕನಿಗೆ ಹೇಳುವುದು. ಲೋಕಧರ್ಮಿಯನ್ನು ಹೀಗೆ ತಾನಾಗಿ ವರಿಸಿದ ಮೇಲೆ, ಕೋವಿಯ ಮಾತು ಬಂದಾಗ ಮಾತ್ರ ನಾಟ್ಯಧರ್ಮಿಯ ವಿನಾಯಿತಿಯನ್ನು ಬೇಡುವುದು ನ್ಯಾಯವಲ್ಲ.

ಎರಡನೆಯ ಆಕ್ಷೇಪ ವೆಚ್ಚದ್ದು. ಹಳೆಯ ಕೋವಿಗಳು ದೊರೆಯುವುದು ಕಷ್ಟ, ಮಾಡಿಸುವುದಕ್ಕೆ ಹಣ ಬೇಕು, ಸರಕಾರದ ನಿಯಮಗಳ ತೊಡಕು ಬೇರೆ ಎಂದು ಹೇಳುವರು. ಇದು ಒಪ್ಪತಕ್ಕ ಮಾತೇ. ಆದರೆ ನಾನು ಕೇಳುತ್ತಿರುವುದು ವಸ್ತುವನ್ನಲ್ಲ, ಕಾಲವನ್ನು. ಮರದಿಂದ ಮಾಡಿದ ಕೋವಿಯನ್ನು ಹಿಡಿದ ನಟನೂ ತೋಟಾವನ್ನು ಕಚ್ಚಬಹುದು, ಸಲಾಕೆಯನ್ನು ಜಡಿಯಬಹುದು, ಕೈನಡುಗಿ ಕೇಪನ್ನು ಕೆಳಗೆ ಬೀಳಿಸಬಹುದು. ಇಪ್ಪತ್ತು ಸೆಕೆಂಡುಗಳಿಗೆ ಯಾವ ಅಂಗಡಿಯಲ್ಲಿಯೂ ಬೆಲೆಯಿಲ್ಲ.

ಮೂರನೆಯದು ಕವಿಸ್ವಾತಂತ್ರ್ಯದ ವಾದ. ಇದಕ್ಕೆ ದಂಡಿಯೇ ಆಧಾರ. ದೇಶಕಾಲಾದಿ ವಿರೋಧಗಳನ್ನು ದೋಷವೆಂದು ಹೇಳಿ, ಕವಿಯ ಕೌಶಲದಿಂದ ಆ ವಿರೋಧವೇ ಒಮ್ಮೊಮ್ಮೆ ದೋಷದ ಗಣನೆಯನ್ನು ದಾಟಿ ಗುಣದ ಬೀದಿಗೆ ಬರುವುದೆಂದು ಅವನು ಒಪ್ಪಿರುವನು. ಸರಿಯೇ, ಆದರೆ ಕೌಶಲವಿದ್ದರೆ ಮಾತ್ರ. ಅಜ್ಞಾನದಿಂದ ಆದ ವಿರೋಧಕ್ಕೂ ಬುದ್ಧಿಪೂರ್ವಕವಾದ ವಿರೋಧಕ್ಕೂ ಭೇದವಿದೆ. ಇದನ್ನು ಲಕ್ಷ್ಯಗಳಿಂದಲೇ ಪರೀಕ್ಷಿಸೋಣ.

೫

ಕಾಲವನ್ನು ಪಾಲಿಸಿದ ಲಕ್ಷ್ಯಕ್ಕೆ ಅಮೆರಿಕದ ‘ಗ್ಲೋರಿ’ ಎಂಬ ೧೯೮೯ರ ಚಿತ್ರವನ್ನು ಹೇಳಬಹುದು. ಎಡ್ವರ್ಡ್ ಜ್ವಿಕ್ ನಿರ್ದೇಶಿಸಿದುದು. ೧೮೬೧ರಿಂದ ೧೮೬೫ರವರೆಗೆ ನಡೆದ ಅಂತರ್ಯುದ್ಧದಲ್ಲಿ ಕಪ್ಪುಜನರಿಂದ ಕೂಡಿದ ಮ್ಯಾಸಚೂಸೆಟ್ಸಿನ ೫೪ನೆಯ ದಳದ ಕಥೆ ಅದು. ಆ ಯುದ್ಧದಲ್ಲಿ ಎನ್‌ಫೀಲ್ಡ್ ಕೋವಿಗಳು ಲಕ್ಷಗಟ್ಟಲೆಯಾಗಿ ಸಮುದ್ರವನ್ನು ದಾಟಿ ಹೋದುವು. ಚಿತ್ರದಲ್ಲಿ ಗುರಿಯಲ್ಲಿ ನಿಪುಣನಾದ ಸೈನಿಕನೊಬ್ಬನು ತನ್ನ ಜಾಣತನಕ್ಕೆ ತಾನೇ ನಗುತ್ತಿರುವಾಗ, ದಳಪತಿಯು ಅವನಿಗೆ ಬೇಗ ಬಾರುಮಾಡುವಂತೆ ಆಜ್ಞಾಪಿಸಿ, ಅವನ ಕಿವಿಯ ಬಳಿಯಲ್ಲಿ ಪಿಸ್ತೂಲನ್ನು ಹಾರಿಸುತ್ತ ಹೋಗುವನು. ನಿಪುಣನ ಕೈ ನಡುಗುವುದು, ಕ್ರಮ ತಪ್ಪುವುದು. ಯುದ್ಧವೆಂದರೇನೆಂಬುದು ಅವನಿಗೂ ಪ್ರೇಕ್ಷಕರಿಗೂ ಏಕಕಾಲದಲ್ಲಿ ತಿಳಿಯುವುದು. ಇಲ್ಲಿ ಶತ್ರುವಿಲ್ಲ, ರಕ್ತವಿಲ್ಲ. ಆದರೂ ಭಯಾನಕವು ಪುಷ್ಟವಾಗಿದೆ. ಅದಕ್ಕೆ ವಿಭಾವ ಬಾರುಮಾಡುವ ಕಾಲ. ಅನುಭಾವ ನಡುಗುವ ಬೆರಳು. ಇದೇ ನಿರ್ದೇಶಕನು ೨೦೦೩ರ ‘ದಿ ಲಾಸ್ಟ್ ಸಮುರಾಯ್’ ಎಂಬ ಚಿತ್ರದಲ್ಲಿ ಇದೇ ಯುಕ್ತಿಯನ್ನು ಜಪಾನಿನ ಹೊಸ ಸೈನಿಕನ ಮೇಲೆ ಮತ್ತೊಮ್ಮೆ ಪ್ರಯೋಗಿಸಿರುವನು. ಮೊದಲನೆಯದರಲ್ಲಿದ್ದ ನವತೆ ಎರಡನೆಯದರಲ್ಲಿ ಕುಂದಿದೆಯಾದರೂ, ಕೋವಿಯ ಕಾಲದಲ್ಲಿ ನಾಟಕವಿದೆಯೆಂಬುದನ್ನು ಅವನು ಕಂಡುಕೊಂಡಿದ್ದನೆಂಬುದು ಸ್ಪಷ್ಟ.

ವಿರೋಧವು ಗುಣವಾದುದಕ್ಕೆ ಕೇತನ್ ಮೆಹ್ತಾ ನಿರ್ದೇಶಿಸಿದ ೨೦೦೫ರ ‘ಮಂಗಲ್ ಪಾಂಡೆ’ ಎಂಬ ಹಿಂದೀ ಚಿತ್ರವು ಉದಾಹರಣೆ. ಚರಿತ್ರೆಯನ್ನು ನೋಡಿದರೆ, ೧೮೫೭ರಲ್ಲಿ ದಂಗೆಯೆದ್ದ ಸಿಪಾಯಿಗಳಲ್ಲಿ ಬಹುಜನರ ಕೈಯಲ್ಲಿದ್ದುದು ಹಳೆಯ ನುಣುಪು ನಳಿಗೆಯ ಕೋವಿಯೇ. ಎನ್‌ಫೀಲ್ಡನ್ನು ಕಲಿಸುವುದಕ್ಕಾಗಿ ದಮ್‌ದಮ್, ಅಂಬಾಲ, ಸಿಯಾಲಕೋಟೆಗಳಲ್ಲಿ ಶಿಕ್ಷಣಕೇಂದ್ರಗಳನ್ನು ಆಗ ತಾನೆ ತೆರೆದಿದ್ದರು. ಏಪ್ರಿಲಿನಲ್ಲಿ ಮೀರತ್ತಿನ ಮೂರನೆಯ ಅಶ್ವದಳದ ೮೫ ಮಂದಿ ಮುಟ್ಟಲೊಲ್ಲದೆ ಸೆರೆಯಾದುದು ಕೂಡ ಹಳೆಯ ಬಗೆಯ ತೋಟಾಗಳಿಗಾಗಿ. ಎಂದರೆ ಆ ಕೋವಿಯನ್ನು ಹಿಡಿಯದವರೇ ಆ ಕೋವಿಯ ಕಾರಣದಿಂದ ಎದ್ದರು. ಅದನ್ನು ಹಿಡಿದ ಗೋರಾ ದಳಗಳು ಅದರಿಂದಲೇ ಅವರನ್ನು ಅಡಗಿಸಿದುವು. ಚಿತ್ರದಲ್ಲಾದರೋ ನಾಯಕನು ತನ್ನ ಆಂಗ್ಲ ಸ್ನೇಹಿತನ ಮಾತನ್ನು ನಂಬಿ ತಾನೇ ಎಲ್ಲರೆದುರಿಗೆ ಮೊದಲು ತೋಟಾವನ್ನು ಕಚ್ಚುವನು. ಅನಂತರ ನಿಜವು ತಿಳಿದು ಬೇಯುವನು. ಇದು ಕಲ್ಪಿತ. ಆದರೂ ಈ ಕಲ್ಪನೆಯಿಂದ ನಂಬಿಕೆ, ದ್ರೋಹ, ನಿರ್ವೇದ, ಕ್ರೋಧ ಎಂಬಿವು ಒಂದರಿಂದೊಂದು ಹುಟ್ಟುವುವು. ಒಂದು ಚೂರು ಕಾಗದವು ರೌದ್ರಕ್ಕೆ ಬೀಜವಾಗುವುದು. ಕೋವಿಯ ಕ್ರಮವನ್ನು ಬಲ್ಲವನೇ ಇಂತಹ ಕಲ್ಪನೆಯನ್ನು ಮಾಡಲು ಸಾಧ್ಯ. ದಂಡಿಯು ಹೇಳಿದ ಕೌಶಲವೆಂದರೆ ಇದೇ. ಕಥೆಯನ್ನು ಹಾಡುಕುಣಿತಗಳಿಂದ ತುಂಬಿ ಶಿಥಿಲಗೊಳಿಸಿರುವುದು ಬೇರೆಯ ದೋಷ. ಅದರ ವಿಚಾರ ಇಲ್ಲಿ ಪ್ರಸಕ್ತವಲ್ಲ.

ಧ್ವನಿಗೆ ಲಕ್ಷ್ಯವನ್ನು ಕೇಳಿದರೆ ಸತ್ಯಜಿತ್ ರಾಯರ ೧೯೭೭ರ ‘ಶತರಂಜ್ ಕೇ ಖಿಲಾಡಿ’ಯನ್ನು ತೋರಿಸುವೆನು. ಪ್ರೇಮಚಂದರ ಮೂಲಕಥೆಯಲ್ಲಿ ಚದುರಂಗದ ಇಬ್ಬರು ಗೆಳೆಯರು ಕೊನೆಗೆ ಕತ್ತಿಯಿಂದ ಒಬ್ಬರನ್ನೊಬ್ಬರು ಕೊಂದುಕೊಳ್ಳುವರು. ರಾಯರು ಕತ್ತಿಯನ್ನು ತೆಗೆದು ಪಿಸ್ತೂಲನ್ನಿಟ್ಟರು. ಒಂದೇ ಒಂದು ಗುಂಡು ಹಾರುವುದು, ಯಾರೂ ಸಾಯುವುದಿಲ್ಲ, ಇಬ್ಬರೂ ಮತ್ತೆ ಆಟಕ್ಕೆ ಕೂರುವರು. ಅತ್ತ ೧೮೫೬ರಲ್ಲಿ ಕಂಪನಿಯ ಸೈನ್ಯವು ಒಂದು ಗುಂಡನ್ನೂ ಹಾರಿಸದೆ ಅವಧವನ್ನು ನುಂಗುತ್ತಿದೆ. ರಾಜ್ಯಕ್ಕಾಗಿ ಹಾರದ ಗುಂಡು ಆಟಕ್ಕಾಗಿ ಹಾರಿತೆಂಬ ವ್ಯಂಗ್ಯಾರ್ಥವು ಗಂಟೆಯ ಅನುರಣನದಂತೆ ಚಿತ್ರವು ಮುಗಿದ ಮೇಲೂ ಕೇಳಿಸುತ್ತಿರುವುದು. ಒಂದೇ ಈಡಿನಿಂದ ಇಷ್ಟು ಸಾಧ್ಯವಾದಾಗ ನೂರು ಈಡುಗಳ ಗದ್ದಲದಿಂದ ಏನೂ ಸಾಧ್ಯವಾಗದಿರುವುದನ್ನು ಕಂಡು ವ್ಯಸನವಾಗುವುದು.

೬

ಈಗ ನಮ್ಮ ಕನ್ನಡದ ಚಿತ್ರಗಳಿಗೆ ಬರೋಣ. ಬಿ. ಆರ್. ಪಂತುಲು ಅವರ ‘ಕಿತ್ತೂರು ಚೆನ್ನಮ್ಮ’ ೧೯೬೧ರಲ್ಲಿ ಬಂದಿತು. ರಾಣಿಯ ಪಾತ್ರದಲ್ಲಿ ಬಿ. ಸರೋಜಾದೇವಿಯವರು, ಮಲ್ಲಸರ್ಜನ ಪಾತ್ರದಲ್ಲಿ ರಾಜಕುಮಾರರು ಅಭಿನಯಿಸಿದರು. ಈ ಚಿತ್ರದ ಪ್ರಾಣವು ವಾಚಿಕಾಭಿನಯದಲ್ಲಿದೆ. ಕಪ್ಪವನ್ನು ನಿರಾಕರಿಸುವ ರಾಣಿಯ ಮಾತಿನ ಕೆಚ್ಚು ಕನ್ನಡಿಗರ ನೆನಪಿನಲ್ಲಿ ಈಗಲೂ ಹಸುರಾಗಿದೆ. ನಾಟಕಕಂಪನಿಗಳ ಸಂಪ್ರದಾಯದಿಂದ ಬಂದ ಆ ಶೈಲಿಯು ನಾಟ್ಯಧರ್ಮಿಗೆ ಸಮೀಪವಾದುದರಿಂದ, ಅದರಲ್ಲಿ ಕೋವಿಯು ಸಂಕೇತಮಾತ್ರವಾಗಿದ್ದರೂ ನಾವು ಕಠಿನವಾಗಿ ವಿಮರ್ಶಿಸಬೇಕಾದುದಿಲ್ಲ. ೧೮೨೪ನೆಯ ಅಕ್ಟೋಬರ್ ೨೩ರಂದು ಕಲೆಕ್ಟರ್ ಠಾಕರೆಯು ಕಿತ್ತೂರಿನ ಕೋಟೆಯ ಮುಂದೆ ಗುಂಡಿಗೆ ಬಿದ್ದುದು ಆ ಕಥೆಯ ಶಿಖರ. ಚಕಮಕಿಯ ಕೋವಿಯಲ್ಲಿ ಮೊದಲ ಈಡು ತಪ್ಪಿದರೆ ಎರಡನೆಯದಕ್ಕೆ ಅವಕಾಶವಿಲ್ಲವೆಂಬುದನ್ನು ಪ್ರೇಕ್ಷಕನು ಬಲ್ಲವನಾದರೆ ಆ ಕ್ಷಣದ ಗುರುತ್ವವು ಇಮ್ಮಡಿಸುವುದು.

ನಾಗಣ್ಣನವರು ನಿರ್ದೇಶಿಸಿ ದರ್ಶನ್ ಅವರು ನಾಯಕರಾಗಿದ್ದ ‘ಕ್ರಾಂತಿವೀರ ಸಂಗೊಳ್ಳಿ ರಾಯಣ್ಣ’ ೨೦೧೨ರಲ್ಲಿ ಬಂದಿತು. ಬಹುವೆಚ್ಚದಿಂದ, ಅಪಾರಜನಸಂದಣಿಯಿಂದ, ಕೋಟೆಕೊತ್ತಲಗಳ ವೈಭವದಿಂದ ಅದು ಸಂಪೂರ್ಣವಾಗಿ ಲೋಕಧರ್ಮಿಯನ್ನು ಅಪೇಕ್ಷಿಸಿದ ಚಿತ್ರ. ಅಲ್ಲಿ ಯುದ್ಧದ ಭಾರವೆಲ್ಲವೂ ನಾಯಕನ ಕತ್ತಿಯ ಮೇಲಿರುವುದು. ಕೋವಿಯು ಎದುರಾಳಿಯ ಕೆಂಪು ಅಂಗಿಯಂತೆ ಅವನ ವೇಷದ ಒಂದು ಅಂಗವಾಗಿಬಿಟ್ಟಿದೆ. ವೇಷಕ್ಕೆ ಕಾಲವಿಲ್ಲ. ಆದುದರಿಂದ ವೈರಿಯ ಕೋವಿಯಿಂದ ನಮಗೆ ಭಯವಾಗುವುದಿಲ್ಲ. ವೈರಿಯಿಂದ ಭಯವಾಗದಿದ್ದ ಮೇಲೆ ರಾಯಣ್ಣನ ಧೈರ್ಯವು ಎಷ್ಟೆಂದು ಅಳೆಯುವುದಕ್ಕೆ ನಮ್ಮಲ್ಲಿ ಕೊಳಗವೇ ಇಲ್ಲ. ಪ್ರತಿನಾಯಕನ ಬಲವನ್ನು ವರ್ಣಿಸಿ ಅವನನ್ನು ಗೆದ್ದ ನಾಯಕನ ಉತ್ಕರ್ಷವನ್ನು ಹೇಳಬೇಕೆಂದು ದಂಡಿಯು ಹೇಳಿರುವನಲ್ಲವೇ? ನಾಯಕನನ್ನು ಎತ್ತಲೆಂದು ಮಾಡಿದ ಉಪಾಯವೇ ಇಲ್ಲಿ ನಾಯಕನನ್ನು ಇಳಿಸಿದೆ. ರಾಯಣ್ಣನು ಹಳ್ಳದಲ್ಲಿ ಸ್ನಾನಕ್ಕಿಳಿದು ಕತ್ತಿಯನ್ನು ದಡದಲ್ಲಿ ನಂಬಿದವನ ಕೈಗೆ ಕೊಟ್ಟಾಗ ಸೆರೆಯಾದನೆಂಬ ಜನಪದ ಕಥೆಯಲ್ಲಿರುವ ಕರುಣವನ್ನು ನೋಡಿರಿ: ಆಯುಧವು ಕೈಬಿಟ್ಟ ಒಂದು ಕ್ಷಣದಲ್ಲಿ ಬದುಕೇ ಕೈಬಿಡುವುದು. ಜನಪದ ಕವಿಗೆ ಕ್ಷಣದ ಬೆಲೆ ಗೊತ್ತಿದ್ದಿತು.

೭

ಈ ಮಾತು ಕೊನೆಗೆ ಹಲಗಲಿಗೆ ಬಂದು ನಿಲ್ಲುವುದು. ೧೮೫೭ರಲ್ಲಿ ಸರಕಾರವು ಜನರ ಆಯುಧಗಳನ್ನು ಕಿತ್ತುಕೊಳ್ಳುವ ಶಾಸನವನ್ನು ತಂದಾಗ, ಮುಧೋಳ ಸಂಸ್ಥಾನದ ಹಲಗಲಿಯ ಬೇಡರು ತಮ್ಮ ಹತಾರಗಳನ್ನು ಕೊಡಲೊಲ್ಲದೆ ನಿಂತರು. ನವೆಂಬರಿನಲ್ಲಿ ಸೈನ್ಯವು ಹಳ್ಳಿಯನ್ನು ಮುತ್ತಿ ಬೆಂಕಿಯಿಟ್ಟಿತು. ಡಿಸೆಂಬರಿನಲ್ಲಿ ಮುಧೋಳದಲ್ಲಿಯೂ ಹಲಗಲಿಯಲ್ಲಿಯೂ ಸೆರೆಯಾದವರನ್ನು ಗಲ್ಲಿಗೇರಿಸಿದರು. ಹನುಮ, ಬಾಲ, ಜಡಗ, ರಾಮರ ಹೆಸರುಗಳನ್ನು ಲಾವಣಿಯು ಉಳಿಸಿತು. ಆ ಲಾವಣಿಯನ್ನು ಜೆ. ಎಫ್. ಫ್ಲೀಟರು ಇತರ ಕನ್ನಡ ಲಾವಣಿಗಳೊಡನೆ ಸಂಗ್ರಹಿಸಿ ‘ಇಂಡಿಯನ್ ಆಂಟಿಕ್ವರಿ’ಯಲ್ಲಿ ಪ್ರಕಟಿಸಿದರು. ಅದು ನಮ್ಮ ಪ್ರೌಢಶಾಲೆಗಳ ಕನ್ನಡ ಪಠ್ಯದಲ್ಲಿಯೂ ಪಾಠವಾಗಿ ಬಂದಿದೆ. ಮರುವರ್ಷದಲ್ಲಿ ನರಗುಂದದ ಬಾಬಾಸಾಹೇಬನೂ ಮುಂಡರಗಿಯ ಭೀಮರಾಯನೂ ಎದ್ದರು. ಭೀಮರಾಯನು ನಮಗೆ ನೆರೆಯದಾದ ಕೊಪ್ಪಳದ ಕೋಟೆಯಲ್ಲಿ ಮಡಿದನು. ಅದೇ ಆಳ್ವಿಕೆಯು ಕೊಡಗಿನವರಿಗೆ ಕೋವಿಯ ವಿಷಯದಲ್ಲಿ ವಿನಾಯಿತಿಯನ್ನು ಕೊಟ್ಟಿತೆಂಬುದನ್ನೂ, ಕೈಲ್‌ಪೊಳ್ದ್ ಹಬ್ಬದಲ್ಲಿ ಅವರು ಇಂದಿಗೂ ಕೋವಿಯನ್ನು ಪೂಜಿಸುವರೆಂಬುದನ್ನೂ ಜೊತೆಯಲ್ಲಿಟ್ಟು ನೋಡಿದರೆ, ಆಯುಧವೆಂದರೆ ಕೇವಲ ಕೊಲ್ಲುವ ಸಾಧನವಲ್ಲ, ಮಾನದ ಗುರುತೆಂಬುದು ಸ್ಪಷ್ಟವಾಗುವುದು.

ಪಾಠವನ್ನು ಓದುವ ಬಾಲಕನು ಕೇಳತಕ್ಕ ಸಹಜವಾದ ಪ್ರಶ್ನೆಯೊಂದಿದೆ: ಹಳೆಯದೊಂದು ಹತಾರಕ್ಕಾಗಿ ಇಡಿಯ ಊರು ಏಕೆ ಸಾಯಬೇಕು? ಚಿತ್ರಗಳಲ್ಲಿ ಕೋವಿಯು ಬಾರುಮಾಡದೆ ಹಾರುವುದನ್ನೂ, ಹಾರಿದರೂ ನಾಯಕನಿಗೆ ತಾಗದಿರುವುದನ್ನೂ ಕಂಡು ಬೆಳೆದವನಿಗೆ ಈ ಪ್ರಶ್ನೆಗೆ ಉತ್ತರ ಹೊಳೆಯುವುದಿಲ್ಲ. ಅವನ ಕಣ್ಣಿಗೆ ಆಯುಧವು ಆಟಿಕೆಯಾಗಿದೆ. ಬೇಡನಿಗಾದರೋ ಅದು ಬೇಟೆ, ಅನ್ನ, ಕುಲದ ಮರ್ಯಾದೆ. ಅದನ್ನು ಕೊಟ್ಟರೆ ಎದುರಿನವನ ಕೈಯಲ್ಲಿ ಮಾತ್ರ ಕೋವಿ ಉಳಿಯುವುದು; ಇಪ್ಪತ್ತು ಸೆಕೆಂಡುಗಳ ಆಶೆಯೂ ತನಗೆ ಇಲ್ಲವಾಗುವುದು. ಈ ಲೆಕ್ಕವನ್ನು ತಿಳಿಯದವನಿಗೆ ಲಾವಣಿಯು ಬರಿಯ ತಾಳವಾಗಿ ಕೇಳಿಸುವುದೇ ಹೊರತು ಅದರ ರಸವು ದಕ್ಕದು. ಆಗ ನಷ್ಟವಾಗುವುದು ಚಿತ್ರದ ಒಂದು ದೃಶ್ಯವಲ್ಲ, ನಮ್ಮ ಸಾಹಿತ್ಯದ ಒಂದು ಕೃತಿ. ಉಪಾಧ್ಯಾಯರು ಈ ಪಾಠವನ್ನು ಹೇಳುವಾಗ ಐದು ನಿಮಿಷಗಳನ್ನು ಕೋವಿಯ ಕ್ರಮವನ್ನು ವಿವರಿಸುವುದಕ್ಕೆ ಮೀಸಲಿಟ್ಟರೆ, ಪದ್ಯದ ಅರ್ಥವನ್ನು ಹೇಳುವ ಅರ್ಧ ಶ್ರಮ ಉಳಿಯುವುದೆಂದು ನನ್ನ ನಂಬಿಕೆ.

ಇಲ್ಲಿ ಚರಿತ್ರೆಯ ಒಂದು ಸಂಗತಿಯನ್ನು ಹೇಳಿ ಮುಗಿಸುವೆನು. ೧೮೫೭ರ ಅನುಭವವಾದ ಮೇಲೆ ಬ್ರಿಟಿಷರು ದೇಶೀ ಸಿಪಾಯಿಗಳಿಗಾಗಿ ಬೇರೊಂದು ಕೋವಿಯನ್ನು ಮಾಡಿಸಿದರು. ಹೊರಗಿನಿಂದ ಅದು ಎನ್‌ಫೀಲ್ಡೇ. ಆದರೆ ನಳಿಗೆಯನ್ನು ಅಗಲಗೊಳಿಸಿ ಗೆರೆಗಳನ್ನು ಇಲ್ಲವೆನಿಸಿದ್ದರು. ನೋಡುವವರಿಗೆ ಎರಡೂ ಒಂದೇ. ಒಂದರ ಗುಂಡು ದೂರಕ್ಕೆ ನೇರವಾಗಿ ಹೋಗುವುದು, ಮತ್ತೊಂದರದು ಹೋಗದು. ಗುಣವಿಲ್ಲದೆ ಅಲಂಕಾರ ಮಾತ್ರವಿರುವ ಕಾವ್ಯವನ್ನು ನಮ್ಮ ವಾಮನನು ಯೌವನವಿಲ್ಲದ ಹೆಂಗಸಿನ ಮೈಮೇಲಿನ ಒಡವೆಗೆ ಹೋಲಿಸಿರುವನು. ಚಾರಿತ್ರಿಕ ಚಿತ್ರಗಳನ್ನು ಮಾಡತಕ್ಕವರು ಕೋಟೆ, ಅಂಗಿ, ಕುದುರೆಗಳ ಹೊರರೂಪಕ್ಕೆ ಎಷ್ಟೋ ಹಣವನ್ನು ವ್ಯಯಿಸುತ್ತಿರುವರು. ನಳಿಗೆಯ ಒಳಗಿನ ಗೆರೆಯಂತಿರುವ ಕಾಲೌಚಿತ್ಯವನ್ನೂ ಅವರು ಪಾಲಿಸಿದರೆ, ನಮ್ಮ ವೀರರ ಕಥೆಗಳು ಪ್ರೇಕ್ಷಕರ ಹೃದಯವೆಂಬ ಗುರಿಯನ್ನು ತಪ್ಪದೆ ಮುಟ್ಟುವುವು. ಹಲಗಲಿಯ ಲಾವಣಿಗೆ ತಕ್ಕ ಚಿತ್ರವೊಂದು ಕನ್ನಡದಲ್ಲಿ ಹುಟ್ಟಬೇಕಾದರೆ ಅದರ ಕರ್ತೃವು ಮೊದಲು ಈ ಇಪ್ಪತ್ತು ಸೆಕೆಂಡುಗಳನ್ನು ಕಲಿಯಬೇಕು.